ಬುಧವಾರದ ಬಾಟಲಿ

ಈವನ್ ಗೆಡ್ಡಿಸ್ ಡೌರಿ ಭಟ್ಟಿಯ ಉಗ್ರಾಣದಲ್ಲಿ ಮೂವತ್ತೆಂಟು ವರ್ಷ ಪೀಪಾಯಿ ಉರುಳಿಸಿದ. ಆ ಮೂವತ್ತೆಂಟು ವರ್ಷದಲ್ಲಿ ಒಬ್ಬರಾದರೂ ಅವನನ್ನು ‘ಇದು ಹೇಗಿದೆ, ಹೇಳು’ ಎಂದು ಕೇಳಿದ್ದಿಲ್ಲ. ‘ಎಲ್ಲಿಡಲಿ?’ ಎಂದು ಅವನು ಕೇಳುತ್ತಿದ್ದ, ‘ಅಲ್ಲಿಡು’ ಎಂದು ಅವರು ಹೇಳುತ್ತಿದ್ದರು. ವಿಸ್ಕಿಯ ಬಗ್ಗೆ ಅವನಿಗೂ ಕಂಪನಿಗೂ ನಡೆದ ಮಾತುಕತೆ ಅಷ್ಟೇ.

ಹಾಗೆಂದು ಅವನಿಗೆ ಏನೂ ಗೊತ್ತಿರಲಿಲ್ಲ ಎಂದಲ್ಲ. ಮರದ ಸುತ್ತಿಗೆಯಿಂದ ಪೀಪಾಯಿಯ ಹೊಟ್ಟೆಗೆ ಒಂದು ಸಲ ತಟ್ಟಿದರೆ ಒಳಗೆ ಎಷ್ಟಿದೆ, ಎಷ್ಟು ಆವಿಯಾಗಿ ಹೋಗಿದೆ, ಯಾವ ಹಲಗೆ ಸೋರುತ್ತಿದೆ ಎಂದು ಹೇಳಬಲ್ಲವನಾಗಿದ್ದ. ಯಾವ ಪೀಪಾಯಿ ಮೊದಲ ಸಲ ತುಂಬಿದ್ದು, ಯಾವುದು ನಾಲ್ಕು ಸಲ ತುಂಬಿ ಖಾಲಿಯಾಗಿ ಮರದೊಳಗಿನ ಸತ್ವವೆಲ್ಲ ಬಸಿದುಹೋಗಿ ದಣಿದಿದ್ದು ಎಂದು ಅವನಿಗೆ ಚೀಟಿ ಓದದೆ ತಿಳಿಯುತ್ತಿತ್ತು. ಜೋರಾಗಿದ್ದವನ್ನು ಹದಿನೆಂಟು ವರ್ಷದ ದುಬಾರಿ ಬಾಟಲಿಗೆಂದು ತಣ್ಣಗಿನ ಒಳಸಾಲಿಗೆ ಉರುಳಿಸುತ್ತಿದ್ದ. ದಣಿದವು ಬಾಗಿಲ ಬಳಿ, ಹತ್ತು ವರ್ಷದ ಅಗ್ಗದ ಬಾಟಲಿಗೆ. ಅವನ ಕೆಲಸದ ಕುರ್ಚಿಯೂ ಬಾಗಿಲ ಬಳಿಯೇ ಇತ್ತು. ಇದರಿಂದ ಅವನು ಯಾವ ಅರ್ಥವನ್ನೂ ಹೊರಡಿಸಲಿಲ್ಲ. ಗಾಳಿ ಬರುತ್ತದೆ ಎಂದಷ್ಟೇ ದೂರುತ್ತಿದ್ದ.

ಉಗ್ರಾಣದವರಿಗೆ ಗಾಜಿನ ಲೋಟ ಕೊಡುವವರಿಲ್ಲ. ಕುಡಿದರೆ ಕೆಲಸ ಹೋಗುತ್ತದೆ. ಅಬಕಾರಿಯವನ ಬೀಗ ಒಂದು, ಕಂಪನಿಯ ಬೀಗ ಒಂದು, ಎರಡರ ನಡುವೆ ಇವರು. ಪೀಪಾಯಿಯಲ್ಲಿರುವುದರ ಮೇಲೆ ಅನುಮಾನ ಬಂದರೆ ಬಿರಡೆ ಕಿತ್ತು ಎರಡು ಹನಿ ಅಂಗೈಗೆ ಬಿಟ್ಟುಕೊಂಡು, ಕೈಗೆ ಕೈ ಉಜ್ಜಿ, ಬೊಗಸೆಯನ್ನು ಮೂಗಿಗೆ ಹಿಡಿಯುವುದು ಪದ್ಧತಿ. ಘಾಟು ಆರಿಹೋಗುತ್ತದೆ, ಉಳಿದದ್ದು ನಿಜವಾದ ಮಾಲು. ಕೆಲವರು ಅಂಗೈಯಿಂದ ಮುಂದಕ್ಕೂ ಹೋಗಿ, ಪ್ಯಾಂಟಿನೊಳಗೆ ತಾಮ್ರದ ಕೊಳವೆ ಇಳಿಬಿಟ್ಟುಕೊಂಡು ಅದರಲ್ಲಿ ಮನೆಗೆ ಒಯ್ಯುತ್ತಿದ್ದುದೂ ಉಂಟು. ಈವನ್ ಹತ್ತಿರ ಅಂಥದೊಂದು ಕೊಳವೆ ಇತ್ತೆಂದು ಡೌಗಿ ಮಿಚಿ ಹೇಳುತ್ತಾನೆ. ಡೌಗಿ ಹತ್ತಿರ ಎರಡಿದ್ದವು ಎಂದು ಈವನ್ ಹೇಳುತ್ತಾನೆ. ಡೌಗಿ ಅದೇ ಭಟ್ಟಿಯಲ್ಲಿ ಪೀಪಾಯಿ ಕಟ್ಟುವ ಬಡಗಿಯಾಗಿದ್ದವನು, ಈವನ್‌ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತವನು, ಆಮೇಲೆ ಅವನು ನಿವೃತ್ತನಾದ ವರ್ಷವೇ ನಿವೃತ್ತನಾದವನು. ಅವರಿಬ್ಬರ ಸ್ನೇಹ ಮುಖ್ಯವಾಗಿ ಬೈಗುಳದಲ್ಲಿ ನಡೆಯುತ್ತದೆ.

ನಿವೃತ್ತಿಯ ದಿನ ಕಂಪನಿ ಈವನ್‌ಗೆ ಹದಿನೆಂಟು ವರ್ಷದ ಬಾಟಲಿಯೊಂದನ್ನು ಮರದ ಪೆಟ್ಟಿಗೆಯಲ್ಲಿಟ್ಟು ಕೊಟ್ಟಿತು. ಅದನ್ನು ಬೀರುವಿನ ಮೇಲೆ ಇಟ್ಟಿದ್ದಾನೆ, ತನ್ನನ್ನು ಮಣ್ಣು ಮಾಡಿ ಬಂದವರಿಗೆ. ಅಲ್ಲಿಯತನಕ ಮನೆಯಲ್ಲಿ ಹಲವು ಭಟ್ಟಿಗಳದ್ದನ್ನು ಬೆರೆಸಿದ ಸೂಪರ್‌ಮಾರ್ಕೆಟ್ಟಿನ ಬ್ಲೆಂಡೆಡ್ ವಿಸ್ಕಿ. ತಾನು ಉರುಳಿಸಿದ ಡೌರಿಯನ್ನು ಅವನು ಜನ್ಮದಲ್ಲಿ ಒಂದು ಸಲವೂ ಅಂಗಡಿಯಲ್ಲಿ ಕೊಂಡದ್ದಿಲ್ಲ. ಕೊಳ್ಳುವುದು ಪ್ರವಾಸಿಗರ ಕೆಲಸ ಎಂದು ಊರಿನಲ್ಲಿ ಎಲ್ಲರೂ ತಿಳಿದಿರುವಂತೆ ಅವನೂ ತಿಳಿದಿದ್ದ.

ಊರು ಇನ್ವರ್‌ಡೌರಿ. ಹೊಳೆಯ ಈಚೆ ದಡದಲ್ಲಿ ಡೌರಿ ಭಟ್ಟಿ, ಆಚೆ ದಡದಲ್ಲಿ ಗ್ಲೆನ್‌ಮಾರ್ಕಿ. ಎರಡಕ್ಕೂ ನೀರು ಒಂದೇ ಹೊಳೆಯದು, ಬಾರ್ಲಿ ಒಂದೇ ವ್ಯಾಪಾರಿಯದು. ಆದರೂ ಆಚೆಯ ವಿಸ್ಕಿಯನ್ನು ಈಚೆಯವರು ಪಾತ್ರೆ ತೊಳೆದ ನೀರೆಂದೂ, ಈಚೆಯದನ್ನು ಆಚೆಯವರು ಮೋಟಾರಿಗೆ ಹಾಕುವ ಎಣ್ಣೆಯೆಂದೂ ಕರೆಯುತ್ತಾರೆ. ಅಜ್ಜಂದಿರ ಕಾಲದಿಂದ ಹೀಗೆ. ರುಚಿ ನೋಡಿ ಹೇಳುವ ಅಗತ್ಯ ಯಾರಿಗೂ ಕಂಡಿಲ್ಲ.

ಸೇತುವೆಯ ಪಕ್ಕದ ಜೆಸ್ಸಿ ಲೆಗ್ಗಟ್‌ಳ ಅಂಗಡಿ ಎರಡೂ ದಡದವರಿಗೆ ಸೇರಿದ್ದು. ಅಲ್ಲಿ ಒಂದು ಕ್ರಮ ಇತ್ತು. ಪ್ರತಿ ಅಕ್ಟೋಬರಿನಲ್ಲಿ, ಮೂವತ್ತು ಪೌಂಡಿನೊಳಗೆ ಸಿಗುವ ಸಿಂಗಲ್ ಮಾಲ್ಟುಗಳಲ್ಲಿ, ಎಂದರೆ ಒಂದೇ ಭಟ್ಟಿಯ ಬಾರ್ಲಿ ವಿಸ್ಕಿಗಳಲ್ಲಿ, ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು ಯಾವುದು ಎಂದು ಊರಿನ ಒಬ್ಬ ಬಲ್ಲವನು ಆರಿಸಬೇಕು. ಅವನ ಮಾತನ್ನು, ಕೆಳಗೆ ಅವನ ಹೆಸರನ್ನು ಜೆಸ್ಸಿ ಒಂದು ಕಾರ್ಡಿನಲ್ಲಿ ಬರೆದು ಬಾಟಲಿಗಳ ಕುತ್ತಿಗೆಗೆ ಕಟ್ಟುತ್ತಾಳೆ. ವಸಂತ ಬರುವ ತನಕ ಊರು ಅದನ್ನೇ ಕುಡಿಯುತ್ತದೆ. ಇಪ್ಪತ್ತಾರು ವರ್ಷ ಆ ಕಾರ್ಡಿನ ಮೇಲೆ ಇದ್ದದ್ದು ಗ್ಯಾವಿನ್ ಸ್ಟ್ರಾನ್‌ನ ಹೆಸರು. ಡೌರಿಯ ತಾಮ್ರದ ಹಂಡೆಗಳ ಮೇಲ್ವಿಚಾರಕನಾಗಿದ್ದವನು. ಇಪ್ಪತ್ತಾರು ವರ್ಷವೂ ಡೌರಿಯನ್ನೇ ಆರಿಸಿ, ‘ನಯವಾಗಿದೆ’ ಎಂದೇ ಬರೆಸಿದ್ದ. ಆ ಆಗಸ್ಟಿನಲ್ಲಿ ಗ್ಯಾವಿನ್ ತೀರಿಕೊಂಡ. ಮಣ್ಣು ಮಾಡಿ ಬಂದು ಸಭಾಮಂದಿರದಲ್ಲಿ ಸೂಪು ಕುಡಿಯುವಾಗ ಊರಿನ ಗಂಡಸರೆಲ್ಲ ದುಃಖದ ಮುಖ ಮಾಡಿಕೊಂಡು ಯೋಚಿಸುತ್ತಿದ್ದದ್ದು ಒಂದೇ: ಈ ಸಲ ಕಾರ್ಡು ಯಾರದು?

ಜೆಸ್ಸಿ ಬಂದದ್ದು ಈವನ್‌ನ ಬಾಗಿಲಿಗೆ.

“ನನ್ನನ್ನಾ?” ಅಂದ ಈವನ್.

“ನಿನ್ನನ್ನೇ. ಶನಿವಾರ ಹನ್ನೊಂದಕ್ಕೆ ಬಾ.”

“ಡೌಗಿ ಇದ್ದಾನಲ್ಲ.”

“ಡೌಗಿ ಪೈಪು ಸೇದಿ ಸೇದಿ ಮೂಗು ಸುಟ್ಕೊಂಡಿದ್ದಾನೆ. ಅದೂ ಅಲ್ದೆ ಅವನು ಮಾತು ಶುರು ಮಾಡಿದ್ರೆ ನಿಲ್ಸಲ್ಲ. ನೀನು ಕಮ್ಮಿ ಮಾತಾಡ್ತೀಯ. ಕಾರ್ಡು ಚಿಕ್ಕದು.”

ಇದು ಹೊಗಳಿಕೆಯೋ ಅಲ್ಲವೋ ಎಂದು ಈವನ್ ಎರಡು ದಿನ ಯೋಚಿಸಿದ. ಅವನ ಹೆಂಡತಿ ಐನಾ ಯೋಚಿಸಲಿಲ್ಲ. ಮಾಂಸದಂಗಡಿಯಲ್ಲಿ, ಚರ್ಚಿನಲ್ಲಿ, ಲೈಬ್ರರಿಯ ಬಸ್ಸಿನಲ್ಲಿ ವಿಷಯ ತಿಳಿಸಿ ಬಂದಳು. ಉಗ್ರಾಣದವನ ಹೆಂಡತಿಯಾಗಿ ಅವಳು ಮೂವತ್ತೆಂಟು ವರ್ಷ ಹಂಡೆಯವರ ಹೆಂಡಂದಿರ ಹಿಂದಿನ ಸಾಲಿನಲ್ಲಿ ಕೂತಿದ್ದವಳು.

ಶನಿವಾರ ಬೆಳಿಗ್ಗೆ ಐನಾ ಅವನ ಕೈಗಳನ್ನು ಹಿಡಿದು ನೋಡಿದಳು.

“ಈ ಕೈ ತಗೊಂಡು ಹೋಗ್ತೀಯಾ?”

“ಬೇರೆ ಎಲ್ಲಿದೆ?”

“ಡಾಂಬರು ವಾಸನೆ ಹೊಡೀತಿದೆ, ಮಾರಾಯ.”

ಅದು ನಿಜ. ಈವನ್ ಹದಿನೇಳನೆಯ ವಯಸ್ಸಿನಿಂದ ಡಾಂಬರು ಎಣ್ಣೆಯ ಕೆಂಪು ಸೋಪನ್ನೇ ಬಳಸುತ್ತಿದ್ದ. ಆ ವಾಸನೆ ಅವನ ಮೂಗಿಗೆ ತಿಳಿಯದಷ್ಟು ಅವನದೇ ಆಗಿಹೋಗಿತ್ತು. ಐನಾ ತನ್ನ ತಂಗಿ ಹುಟ್ಟುಹಬ್ಬಕ್ಕೆ ಕಳಿಸಿದ್ದ ಸೋಪನ್ನು ಕಾಗದ ಬಿಚ್ಚಿ ಕೊಟ್ಟಳು, ಉಗುರಿನ ಬ್ರಷ್ಷನ್ನೂ ಕೊಟ್ಟಳು. ಈವನ್ ಮೊಣಕೈ ತನಕ ಮೂರು ಸಲ ಉಜ್ಜಿ ತೊಳೆದ. ಕೈಗಳು ಯಾರದೋ ಕೈಗಳ ಹಾಗೆ ಬಿಳುಚಿಕೊಂಡವು. ಬಿಸಿನೀರಿನ ಹಬೆಗೋ ಮನಸ್ಸಿನ ಗಾಬರಿಗೋ, ಸೋಪಿನ ವಾಸನೆ ಏನೆಂದು ಅವನು ಗಮನಿಸಲಿಲ್ಲ.

ಜೆಸ್ಸಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೇಜಿನ ಮೇಲೆ ನಾಲ್ಕು ಬಾಟಲಿಗಳು ನಾಲ್ಕು ಕಾಲುಚೀಲಗಳೊಳಗೆ ನಿಂತಿದ್ದವು. ಕಿಲ್ಟಿನ ಜೊತೆ ಹಾಕುವ ಉದ್ದನೆಯ ಉಣ್ಣೆಯ ಕಾಲುಚೀಲಗಳು, ಜೆಸ್ಸಿಯ ಗಂಡ ಬಿಟ್ಟುಹೋದವು. ಒಂದೊಂದರ ಮೇಲೂ ಪಿನ್ನು ಚುಚ್ಚಿದ ನಂಬರು. ಎರಡೂ ದಡದವರು ಸೇರಿ ಹತ್ತು ಹನ್ನೆರಡು ಜನ ಗೋಡೆಗೊರಗಿ ನಿಂತಿದ್ದರು. ಡೌಗಿ ಮುಂದೆಯೇ ಸ್ಟೂಲು ಹಾಕಿಕೊಂಡು ಕೂತಿದ್ದ.

“ತಪ್ಪಿಸ್ಕೊಳ್ಬೇಕು ಅಂದ್ರೆ ಹಿಂದಿನ ಬಾಗಿಲು ತೆಗ್ದಿದೆ,” ಅಂದ ಡೌಗಿ.

“ನಿನಗೋಸ್ಕರ ತೆಗ್ದಿರ್ತಾಳೆ,” ಅಂದ ಈವನ್.

ಮೊದಲನೆಯದು ಲೋಟದಲ್ಲಿ ದಟ್ಟ ಕಂದು. ಬಣ್ಣವನ್ನು ಈವನ್ ಲೆಕ್ಕಕ್ಕೆ ಹಿಡಿಯಲಿಲ್ಲ. ಸುಟ್ಟ ಸಕ್ಕರೆ ಒಂದು ಚಮಚ ಬಿಟ್ಟರೆ ಮೂರು ವರ್ಷದ್ದೂ ಮೂವತ್ತು ವರ್ಷದ್ದಾಗುತ್ತದೆ ಎಂದು ಗೊತ್ತಿದ್ದವನು. ಮೂಸಿದ. ಒಣದ್ರಾಕ್ಷಿ, ಬೆಲ್ಲದ ಪಾಕ, ಎಲ್ಲ ಒಟ್ಟಿಗೆ ಬಾಗಿಲಿಗೆ ಬಂದು ನಿಂತವು. ಬಾಯಿಗೆ ಹಾಕಿದರೆ ಒಳಗೆ ಮನೆ ಖಾಲಿ. ಎರಡನೆಯದು ವೆನಿಲಾ ಐಸ್‌ಕ್ರೀಮಿನ ಹಾಗಿತ್ತು, ನುಂಗುವ ಮೊದಲೇ ಮರೆತುಹೋಗುವಂಥದ್ದು. ಮೂರನೆಯದು ಲೋಟದಲ್ಲಿ ಬಾಯಿ ಬಿಡಲಿಲ್ಲ. ಮೂಸಿದ, ಏನೂ ಇಲ್ಲ. ಒಂದು ಚಮಚ ನೀರು ಬಿಟ್ಟು ಮೂಸಿದ, ಆಗಲೂ ಇಲ್ಲ. ನಾಲ್ಕನೆಯದು ಚೆನ್ನಾಗಿತ್ತು. ಎಲ್ಲಿಯೋ ನೋಡಿದ ಮುಖ ಅನ್ನಿಸಿತು, ಹೆಸರು ನೆನಪಾಗಲಿಲ್ಲ. ನಾಲ್ಕನೆಯದನ್ನೇ ಹೇಳಿಬಿಡೋಣ ಎಂದುಕೊಂಡ. ಆದರೆ ಮೂರನೆಯದು ಮಾತಾಡದೆ ನಿಂತಿತ್ತು. ಅನುಮಾನ ಬಂದಾಗ ಉಗ್ರಾಣದವನು ಏನು ಮಾಡುತ್ತಾನೋ ಅದನ್ನು ಮಾಡಿದ: ಮೂರನೆಯದರ ಎರಡು ಹನಿಯನ್ನು ಅಂಗೈಗೆ ಬಿಟ್ಟುಕೊಂಡು ಗಸಗಸ ಉಜ್ಜಿ, ಬೊಗಸೆಯೊಳಗೆ ಮುಖ ಇಟ್ಟ.

ಬೊಗಸೆಯೊಳಗೆ ಇಡೀ ಬೆಟ್ಟ ಹೂ ಬಿಟ್ಟಿತ್ತು. ಹೀದರ್ ಹೂವು, ಜೇನು, ಬಿಸಿಲಿಗೆ ಕಾದ ಜೇನುಮೇಣ. ಈವನ್ ಮುಖ ಎತ್ತಲಿಲ್ಲ. ಸುಮಾರು ಹೊತ್ತು ಹಾಗೆಯೇ ಇದ್ದ.

“ಅಳ್ತಿದ್ದಾನೋ ಹೇಗೆ?” ಅಂದ ಡೌಗಿ.

“ಮೂರನೇದು,” ಅಂದ ಈವನ್. “ಹೀದರ್ ಹೂವು. ಜೇನು. ಲೋಟದಲ್ಲಿ ಅಡಗಿಸಿಟ್ಕೊಂಡಿದೆ. ಕೈಗೆ ಬಂದ್ರೆ ಮಾತ್ರ ಕೊಡತ್ತೆ.”

ಅವನ ಬಾಯಿಂದ ಅಷ್ಟುದ್ದದ ಮಾತು ಬಂದದ್ದನ್ನು ಅಲ್ಲಿದ್ದವರು ಮೊದಲ ಸಲ ಕೇಳಿದರು. ಜೆಸ್ಸಿ ಅದನ್ನು ಹಾಗೆಯೇ ಬರೆದುಕೊಂಡು ಮೂರನೆಯ ಕಾಲುಚೀಲ ಎಳೆದಳು. ಗ್ಲೆನ್‌ಮಾರ್ಕಿ ಹತ್ತು ವರ್ಷ.

ನಾಲ್ಕನೆಯದನ್ನೂ ಎಳೆದಳು. ಡೌರಿ.

“ಮೂವತ್ತೆಂಟು ವರ್ಷ,” ಅಂದ ಡೌಗಿ ನಿಧಾನವಾಗಿ. “ಮೂವತ್ತೆಂಟು ವರ್ಷ ಅದರ ಜೊತೆ ಇದ್ದು, ಒಂದು ಕಾಲುಚೀಲ ಹಾಕಿದ್ರೆ ಗುರ್ತು ಸಿಗ್ಲಿಲ್ಲ ನಿಂಗೆ. ಐನಾ ತಲೆಗೆ ಸ್ಕಾರ್ಫ್ ಕಟ್ಟಿದ್ರೆ ಏನು ಮಾಡ್ತೀಯೋ, ಪಾಪ.”

ಆದರೆ ಡೌಗಿಯ ಮಾತಿಗೆ ಅಂದು ಬೆಲೆ ಬರಲಿಲ್ಲ. ತನ್ನ ಭಟ್ಟಿಯನ್ನು ಬಿಟ್ಟು ಹೊಳೆಯಾಚೆಯದನ್ನು ಆರಿಸಿದವನು ಇನ್ವರ್‌ಡೌರಿಯ ಚರಿತ್ರೆಯಲ್ಲಿ ಇರಲಿಲ್ಲ. ಇಂಥವನು ಸುಳ್ಳು ಹೇಳಲಾರ ಎಂದು ಎರಡೂ ದಡದವರು ಒಪ್ಪಿದರು. ಅವರು ಒಂದು ವಿಷಯದಲ್ಲಿ ಒಪ್ಪಿದ್ದೇ ಅದು ಮೊದಲು. ಹತ್ತು ದಿನದಲ್ಲಿ ಗ್ಲೆನ್‌ಮಾರ್ಕಿಯ ಮೂರು ಪೆಟ್ಟಿಗೆ ಖಾಲಿಯಾಯಿತು. ಕುಡಿದವರೆಲ್ಲರಿಗೂ ಹೀದರ್ ಸಿಕ್ಕಿತು. ಅಂಚೆಯವನಿಗೆ ಹೀದರಿನ ಮೇಲೆ ಕೂತ ದುಂಬಿಯೂ ಸಿಕ್ಕಿತು. ಮಾಂಸದಂಗಡಿಯವನು ಐನಾಗೆ ಮಾಂಸ ತುಂಬಿ ಬೇಯಿಸಿದ ಪೈ ಒಂದನ್ನು ಸುಮ್ಮನೆ ಕಟ್ಟಿಕೊಟ್ಟು, “ನಿಮ್ಮೆಜಮಾನ್ರದ್ದು ಎಂಥಾ ಮೂಗು, ಮಿಸೆಸ್ ಗೆಡ್ಡಿಸ್,” ಅಂದ. ಚರ್ಚಿನಲ್ಲಿ ಐನಾ ಒಂದು ಸಾಲು ಮುಂದೆ ಬಂದು ಕೂತಳು. ಡೌರಿಯ ಮ್ಯಾನೇಜರು ಮಾತ್ರ ರಸ್ತೆಯಲ್ಲಿ ಈವನ್‌ನನ್ನು ನಿಲ್ಲಿಸಿ, “ನಮ್ಮದೂ ಒಂದು ಸಲ ಕೈಗೆ ಹಚ್ಚಿ ನೋಡಬಹುದಿತ್ತಲ್ಲ, ಈವನ್,” ಎಂದು ಮೆತ್ತಗೆ ಹೇಳಿ ಹೋದ.

ಆ ಮಾತು ಚುಚ್ಚಿತು, ಯಾಕೆಂದರೆ ನ್ಯಾಯವಾಗಿತ್ತು. ಈವನ್ ಅಂಗಡಿಗೆ ಹೋಗಿ, ಜೀವನದಲ್ಲಿ ಮೊದಲ ಸಲ ದುಡ್ಡು ಕೊಟ್ಟು ಸಿಂಗಲ್ ಮಾಲ್ಟ್ ಕೊಂಡ, ಅದೂ ಎರಡು: ಒಂದು ಗ್ಲೆನ್‌ಮಾರ್ಕಿ, ಒಂದು ಡೌರಿ. ಭಾನುವಾರ ಚರ್ಚಿನಿಂದ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತ. ಚರ್ಚಿಗೆ ಹೊರಡುವಾಗ ಐನಾ ಈಗ ಪ್ರತಿ ವಾರವೂ ಆ ಒಳ್ಳೆಯ ಸೋಪಿನಲ್ಲೇ ಅವನ ಕೈ ತೊಳೆಸುತ್ತಿದ್ದಳು. ಗ್ಲೆನ್‌ಮಾರ್ಕಿಯನ್ನು ಅಂಗೈಗೆ ಹಾಕಿ ಉಜ್ಜಿದ. ಹೀದರ್, ಜೇನು. ಬಟ್ಟೆಯಲ್ಲಿ ಒರೆಸಿಕೊಂಡು ಡೌರಿಯನ್ನು ಉಜ್ಜಿದ. ಹೀದರ್, ಜೇನು. ಸೂಪರ್‌ಮಾರ್ಕೆಟ್ಟಿನ ಬ್ಲೆಂಡೆಡ್ ಅನ್ನು ಉಜ್ಜಿದ. ಬೆಟ್ಟದ ತುಂಬ ಹೀದರ್. ಕೊನೆಗೆ ನಲ್ಲಿಯ ಕೆಳಗೆ ಕೈ ಹಿಡಿದು ಬರಿಯ ನೀರಿನಿಂದ ಉಜ್ಜಿ ಮೂಸಿದ. ಅಲ್ಲಿಯೂ ಒಂದೆರಡು ಹೂವಿತ್ತು.

ಅವನು ಬಚ್ಚಲಿಗೆ ಹೋಗಿ ಐನಾ ಎತ್ತಿಟ್ಟಿದ್ದ ಸೋಪಿನ ಕಾಗದವನ್ನು ಹುಡುಕಿ ತೆಗೆದ. ಅದರ ಮೇಲೆ ನೇರಳೆ ಬಣ್ಣದಲ್ಲಿ ಹೀದರ್ ಗೊಂಚಲು, ಪಕ್ಕದಲ್ಲಿ ಜೇನುಗೂಡು ಅಚ್ಚಾಗಿದ್ದವು.

ಐನಾ ಕಾಗದವನ್ನೂ ಗಂಡನನ್ನೂ ನೋಡಿದಳು. ಕುರ್ಚಿ ಎಳೆದುಕೊಂಡು ಕೂತಳು.

“ಯಾರ್‌ಗೆ ಹೇಳಿದೀಯ?”

“ನಿಂಗೆ.”

“ಅಷ್ಟಕ್ಕೇ ಇರ್ಲಿ.”

“ಕಾರ್ಡಿನ ಮೇಲೆ ನನ್ನ ಹೆಸರಿದೆ, ಐನಾ.”

“ಇರ್ಲಿ ಬಿಡು. ಗ್ಯಾವಿನ್ ಇಪ್ಪತ್ತಾರು ವರ್ಷ ನಯವಾಗಿದೆ, ನಯವಾಗಿದೆ ಅಂತ ಬರ್ಸಿದ. ಯಾರಾದ್ರೂ ಕೋರ್ಟಿಗೆ ಹೋದ್ರಾ?”

“ಜನ ದುಡ್ಡು ಕೊಟ್ಟು ನಿನ್ನ ತಂಗಿ ಸೋಪು ಕುಡೀತಿದ್ದಾರೆ.”

“ಕುಡ್ದು ಖುಷಿಯಾಗಿದ್ದಾರೆ,” ಅಂದಳು ಐನಾ. “ಈಗ ಹೋಗಿ ಹೇಳಿದ್ರೆ ಏನಂತಾರೆ ಗೊತ್ತಾ? ಡೌರಿ ಮ್ಯಾನೇಜರು ಹೆದರ್ಸಿದ, ಇವನು ಬಾಲ ಮುದುರ್ಕೊಂಡು ಸೋಪಿನ ಕತೆ ಕಟ್ಟಿದ ಅಂತಾರೆ. ಇದ್ದ ಹೆಸ್ರೂ ಹೋಗತ್ತೆ, ನಿಜ ಹೇಳ್ದೆ ಅನ್ನೋ ಹೆಸ್ರೂ ಬರಲ್ಲ.”

ಅದು ಸರಿಯಾಗಿತ್ತು. ಐನಾಳ ತೊಂದರೆಯೇ ಅದು, ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತಾಳೆ. ಈವನ್ ಮೂರು ದಿನ ಮನೆಯಲ್ಲೇ ಕೂತ. ಜೀವಮಾನದಲ್ಲಿ ಒಂದು ಸಲ ಅವನ ಮಾತನ್ನು ಕೇಳಿದ್ದರು. ಆ ಒಂದು ಮಾತು ಅವನದಾಗಿರಲಿಲ್ಲ, ಸೋಪಿನದಾಗಿತ್ತು. ಅದನ್ನು ಒಪ್ಪಿಕೊಂಡರೆ ಇನ್ನು ಯಾರೂ ಕೇಳುವುದಿಲ್ಲ. ಒಪ್ಪಿಕೊಳ್ಳದಿದ್ದರೆ ಮುಂದಿನ ಅಕ್ಟೋಬರಿನಲ್ಲೂ ಕೇಳುತ್ತಾರೆ; ಆಗ ಯಾವ ಸೋಪು ಹಾಕಿಕೊಂಡು ಹೋಗುವುದು? ಈ ಎರಡನ್ನೂ ಅವನು ಪೀಪಾಯಿಗಳ ಹಾಗೆ ಅತ್ತ ಇತ್ತ ಉರುಳಿಸಿ ನೋಡಿದ. ಬುಧವಾರ ಬೆಳಿಗ್ಗೆ ಕೆಂಪು ಸೋಪಿನಿಂದ ಮುಖ ತೊಳೆದುಕೊಂಡು, ಒಳ್ಳೆಯ ಸೋಪನ್ನು ಕರವಸ್ತ್ರದಲ್ಲಿ ಸುತ್ತಿ ಕೋಟಿನ ಜೇಬಿಗೆ ಹಾಕಿದ. ಐನಾ ಬಾಗಿಲ ತನಕ ಬಂದಳು. ಬೇಡ ಎನ್ನಲಿಲ್ಲ. “ಸೋಪು ವಾಪಸ್ ತಗೊಂಡ್ ಬಾ,” ಅಂದಳು.

ಬುಧವಾರ ಮಧ್ಯಾಹ್ನ ಊರಿನ ಅಂಗಡಿಗಳೆಲ್ಲ ಅರ್ಧ ದಿನಕ್ಕೆ ಮುಚ್ಚುತ್ತವೆ. ಜೆಸ್ಸಿ ಚಿಲಕ ಹಾಕುವ ಹೊತ್ತಿಗೆ ಈವನ್ ಹೋದ. ಡೌಗಿ ಅಲ್ಲಿಯೇ ಇದ್ದ, ಕಿಟಕಿಯಲ್ಲಿ ಅಲಂಕಾರಕ್ಕಿಟ್ಟ ಪೀಪಾಯಿಯ ಕಬ್ಬಿಣದ ಪಟ್ಟಿ ಬಿಗಿಯುತ್ತಿದ್ದ.

ಈವನ್ ಸೋಪನ್ನು ಗಲ್ಲಾದ ಮೇಲಿಟ್ಟು ವಿಷಯ ಹೇಳಿದ. ನಾಲ್ಕು ವಾಕ್ಯದಲ್ಲಿ ಮುಗಿಯಿತು.

ಜೆಸ್ಸಿ ಒಳಗೆ ಹೋಗಿ ಆ ಸೋಪಿನಿಂದ ಕೈ ತೊಳೆದು ಬಂದಳು. ಗ್ಲೆನ್‌ಮಾರ್ಕಿಯ ಎರಡು ಹನಿ ಉಜ್ಜಿ ಮೂಸಿದಳು. ಡೌರಿಯನ್ನು ಉಜ್ಜಿ ಮೂಸಿದಳು. ಕೊನೆಗೆ ಕಿಟಕಿಯ ಗಾಜು ಒರೆಸುವ ಸ್ಪಿರಿಟನ್ನೂ ಉಜ್ಜಿ ಮೂಸಿದಳು.

“ಇದರಲ್ಲೇ ಎಲ್ಲಕ್ಕಿಂತ ಚೆನ್ನಾಗಿ ಬರ್ತಿದೆ,” ಅಂದಳು.

ಡೌಗಿ ಸುತ್ತಿಗೆ ಕೆಳಗಿಟ್ಟು ನಗಲು ಶುರು ಮಾಡಿದ. ನಕ್ಕು ಕೆಮ್ಮಿ, ಪೀಪಾಯಿಯನ್ನು ಹಿಡಿದುಕೊಂಡು ಇನ್ನಷ್ಟು ನಕ್ಕ. “ಕೈಗೆ ಬಂದ್ರೆ ಮಾತ್ರ ಕೊಡತ್ತೆ ಅಂದ್ಯಲ್ಲೋ. ಕೊಡದೆ ಏನು, ಸ್ನಾನಕ್ಕೆ ಇಳಿದಿದ್ರೆ ಇನ್ನೂ ಕೊಡ್ತಿತ್ತು.”

“ಆಯ್ತಾ?” ಅಂದ ಈವನ್.

“ಇಲ್ಲ, ಇನ್ನೂ ಇದೆ.”

ಜೆಸ್ಸಿ ಗಲ್ಲಾದ ಹಿಂದಿನ ಸ್ಟೂಲಿನ ಮೇಲೆ ಕೂತು ಈವನ್‌ನನ್ನೇ ನೋಡಿದಳು. “ಇವತ್ತು ನೀನು ಬರ್ದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

“ನಂಗೆ ಗೊತ್ತಲ್ಲ.”

“ಈಗ ಏನು ಮಾಡೋಣ ಅಂತೀಯ? ಕಾರ್ಡು ಕಿತ್ತು ಡೌರಿಗೆ ಕಟ್ಲಾ? ಮ್ಯಾನೇಜರು ಹೂವಿನ ಹಾರ ತರ್ತಾನೆ ನಿಂಗೆ.”

“ನಾಲ್ಕೂ ತೆಗಿ,” ಅಂದ ಈವನ್. “ಮತ್ತೆ ನೋಡ್ತೀನಿ. ಕೈ ಮುಟ್ಟಲ್ಲ.”

ಜೆಸ್ಸಿ ಕಾಲುಚೀಲ ಹುಡುಕಲು ಏಳಹೋದಳು. ಬೇಡ ಅಂದ. ಹೆಸರು ಕಂಡರೆ ಕಾಣಲಿ. ಸ್ಟವ್‌ನ ಮೇಲೆ ಜೆಸ್ಸಿಯ ಮಧ್ಯಾಹ್ನದ ಬಾರ್ಲಿ ಸೂಪು ಕುದಿಯುತ್ತಿತ್ತು. ಅವಳು ಮೂರು ಬಟ್ಟಲಿಗೆ ಬಡಿಸಿ ಓಟ್ ಬಿಸ್ಕತ್ತು, ಚೀಸು ಇಟ್ಟಳು. ಹೊರಗೆ ಕಿಟಕಿಯಾಚೆ ಬೀದಿ ಖಾಲಿ, ಮೋಡ, ಸೇತುವೆಯ ಮೇಲೆ ಒಂದು ನಾಯಿ. ಯಾವ ವಿಶೇಷವೂ ಇಲ್ಲದ ಮಧ್ಯಾಹ್ನ.

ಈವನ್ ಅವಸರ ಮಾಡಲಿಲ್ಲ. ಮೊದಲನೆಯದನ್ನು ಸೂಪಿನ ಮಧ್ಯೆ ಕುಡಿದ, ಸೂಪೇ ಗೆದ್ದಿತು. “ಬಾಡಿಗೆ ಸೂಟು,” ಅಂದ. “ಮದುವೆ ಫೋಟೋದಲ್ಲಿ ಚೆನ್ನಾಗಿ ಕಾಣತ್ತೆ, ಸೋಮವಾರ ವಾಪಸ್ ಕೊಡ್ಬೇಕು.” ಎರಡನೆಯದನ್ನು ಕುಡಿದು ಬಿಸ್ಕತ್ತು ತಿಂದ, ಕುಡಿದದ್ದು ನೆನಪಿಲ್ಲದೆ ಇನ್ನೊಮ್ಮೆ ಕೇಳಿದ. ಡೌರಿಯ ಹತ್ತಿರ ಬಂದಾಗ ತಡೆದ. ಬಾಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದ.

“ಗುರ್ತು ಸಿಕ್ತಾ?” ಅಂದ ಡೌಗಿ. ಈ ಸಲ ನಗಲಿಲ್ಲ.

“ಬಾಗಿಲ ಹತ್ರದ ಸಾಲು,” ಅಂದ ಈವನ್. “ನಾಲ್ಕನೇ ಸಲ ತುಂಬಿದ್ದು. ಎಲ್ಲ ನಾನು ಉರುಳಿಸಿದ ಮರ. ನಿನ್ನ ಕೈಯ ಪಟ್ಟಿಯೂ ಇರ್ಬೇಕು ಇದರಲ್ಲಿ.”

“ಹಾಗಾದ್ರೆ ಇದೇ.”

“ಒಳ್ಳೇದೇ. ಆದ್ರೆ ಇದರ ಬೆಲೆ ನೋಡು, ಇಪ್ಪತ್ತೊಂಬತ್ತು. ಹೋದ ವರ್ಷ ಇಪ್ಪತ್ತಾರು ಇತ್ತು. ಒಳಗಿನ ಮಾಲು ಅದೇ. ಹೊಸದಾಗಿ ಬಂದಿದ್ದು ತಗಡಿನ ಡಬ್ಬಿ, ಡಬ್ಬಿ ಮೇಲೆ ಜಿಂಕೆ. ಮೂರು ಪೌಂಡು ಜಿಂಕೆಗೆ. ನಾನು ಮೂವತ್ತೆಂಟು ವರ್ಷದಲ್ಲಿ ಆ ಉಗ್ರಾಣದಲ್ಲಿ ಒಂದು ಜಿಂಕೆ ಕಂಡಿಲ್ಲ.”

ಕೊನೆಗೆ ಗ್ಲೆನ್‌ಮಾರ್ಕಿ. ಲೋಟದಲ್ಲಿ ಅದು ಎಂದಿನಂತೆ ಮೂಕ. ಈವನ್ ಅದನ್ನು ಪಕ್ಕದಲ್ಲಿಟ್ಟು ಸೂಪು ಮುಗಿಸಿದ. ಚೀಸು ತಿಂದ. ಒಂದು ಗುಟುಕು ಕುಡಿದ. ಮಾತು ಬೇರೆ ಕಡೆ ಹೋಯಿತು. ಡೌಗಿಯ ಮೊಣಕಾಲು, ಗ್ಯಾವಿನ್‌ನ ಮನೆ ಕೊಂಡವರು ಯಾರು ಇತ್ಯಾದಿ. ಮತ್ತೊಂದು ಗುಟುಕು. ಬಾರ್ಲಿ ಗಂಜಿಯ ರುಚಿ, ಹಿಂದೆ ಪೇರು ಹಣ್ಣಿನದು ಎಲ್ಲೋ ಸ್ವಲ್ಪ, ಕೊನೆಯಲ್ಲಿ ಹಳೆಯ ಮರದ ಒಂದಿಷ್ಟು ಕಹಿ. ತನ್ನ ಕಡೆ ನೋಡು ಎನ್ನಲಿಲ್ಲ ಅದು. ಆದರೆ ಅರ್ಧ ಗಂಟೆಯ ಮೇಲೆ ನೋಡಿದರೆ ನಾಲ್ಕರಲ್ಲಿ ಆ ಒಂದೇ ಲೋಟ ಖಾಲಿಯಾಗಿತ್ತು. ಡೌಗಿ ತನಗೆಂದು ಗ್ಲೆನ್‌ಮಾರ್ಕಿ ಸುರಿದುಕೊಂಡಿದ್ದ ಲೋಟವೂ ಖಾಲಿಯಾಗಿತ್ತು, ಅದನ್ನು ಅವನು ಕೈಯಿಂದ ಮುಚ್ಚಿಕೊಂಡಿದ್ದ.

“ಕಾರ್ಡು ಕೊಡು,” ಅಂದ ಈವನ್. “ಈ ಸಲ ನಾನೇ ಬರೀತೀನಿ.”

ಬರೆಯಲು ಅವನಿಗೆ ಸುಮಾರು ಹೊತ್ತು ಹಿಡಿಯಿತು. ಬರೆದದ್ದು ಇಷ್ಟು:

‘ಗ್ಲೆನ್‌ಮಾರ್ಕಿ ಹತ್ತು ವರ್ಷ. ಇಪ್ಪತ್ತಾರು ಪೌಂಡು. ಇದರಲ್ಲಿ ಹೀದರ್ ಹೂವಿಲ್ಲ, ಜೇನಿಲ್ಲ. ಅದು ನನ್ನ ಹೆಂಡತಿಯ ಸೋಪು. ಬಾರ್ಲಿ ಇದೆ, ಸ್ವಲ್ಪ ಪೇರು ಹಣ್ಣಿದೆ, ದಣಿದ ಮರವಿದೆ. ಮದುವೆಗೆ, ಮಣ್ಣಿಗೆ ಬೇರೆ ಕೊಳ್ಳಿ. ಬುಧವಾರಕ್ಕೆ ಇದು ಸಾಕು. ವರ್ಷದಲ್ಲಿ ಬುಧವಾರಗಳೇ ಹೆಚ್ಚು. ಈ. ಗೆಡ್ಡಿಸ್, ಉಗ್ರಾಣ.’

ಜೆಸ್ಸಿ ಎರಡು ಸಲ ಓದಿದಳು. “ಕಾರ್ಡು ಚಿಕ್ಕದು ಅಂದಿದ್ದೆ,” ಅಂದಳು. ಆದರೂ ಹಳೆಯ ಕಾರ್ಡುಗಳನ್ನೆಲ್ಲ ಕಿತ್ತು, ಎರಡೂ ಕಡೆ ಬರೆದು ಇದನ್ನೇ ಕಟ್ಟಿದಳು.

ಊರು ಐನಾ ಹೇಳಿದ್ದಕ್ಕಿಂತ ಕೆಟ್ಟದಾಗಿ ನಡೆದುಕೊಂಡಿತು. ಆಚೆ ದಡದವರಿಗೆ ತಮ್ಮ ಹೀದರ್ ಕಿತ್ತುಕೊಂಡನೆಂದು ಸಿಟ್ಟು. ಈಚೆ ದಡದವರಿಗೆ ಸೋಪಿನ ವಿಷಯ ಒಪ್ಪಿಕೊಂಡ ಮೇಲೂ ಡೌರಿಯನ್ನು ಆರಿಸಲಿಲ್ಲವೆಂದು ಸಿಟ್ಟು. ಡೌರಿಯ ಮ್ಯಾನೇಜರಿಗೆ ಜಿಂಕೆಯ ವಿಷಯ ಡೌಗಿಯಿಂದ ತಲುಪಿ, ಅವನು ರಸ್ತೆಯಲ್ಲಿ ಮೆತ್ತಗಿನ ಮಾತನ್ನೂ ನಿಲ್ಲಿಸಿದ. ಅಂಚೆಯವನು ತನಗೆ ಈಗಲೂ ದುಂಬಿ ಸಿಗುತ್ತದೆ, ಗೆಡ್ಡಿಸ್‌ನ ಮೂಗು ಮುದಿಯಾಗಿದೆ ಎಂದು ಮನೆಮನೆಗೆ ಕಾಗದದ ಜೊತೆ ಹಂಚಿದ. ಮಾಂಸದಂಗಡಿಯಲ್ಲಿ ಪೈಗೆ ಮತ್ತೆ ದುಡ್ಡು. ಚರ್ಚಿನಲ್ಲಿ ಐನಾ ತಾನಾಗಿಯೇ ಹಿಂದಿನ ಸಾಲಿಗೆ ಹೋಗಬೇಕೆಂದುಕೊಂಡು ಹೊರಟವಳು, ಬಾಗಿಲಲ್ಲಿ ನಿಂತು ಯೋಚಿಸಿ, ಹೋಗಲಿಲ್ಲ. ಮುಂದಿನ ಸಾಲಿನಲ್ಲೇ ಕೂತು, ಹಾಡುವಾಗ ಎಂದಿಗಿಂತ ಸ್ವಲ್ಪ ಜೋರಾಗಿ ಹಾಡಿದಳು. ಗ್ಲೆನ್‌ಮಾರ್ಕಿ ವಾರಕ್ಕೆ ಎರಡೋ ಮೂರೋ ಬಾಟಲಿ ಹೋಗುತ್ತಿತ್ತು. ಯಾವ ದಿನ ಹೋಗುತ್ತಿತ್ತು ಎಂದು ಜೆಸ್ಸಿ ಗಮನಿಸಿದ್ದಳು, ಯಾರಿಗೂ ಹೇಳಲಿಲ್ಲ. ಹೆಚ್ಚಾಗಿ ಮಂಗಳವಾರ ಸಂಜೆ, ಮಾರನೆಯ ದಿನ ಅಂಗಡಿ ಅರ್ಧ ದಿನವೆಂದು.

ಡಿಸೆಂಬರಿನ ಒಂದು ಬುಧವಾರ ಮಧ್ಯಾಹ್ನ ಈವನ್ ಮೇಜಿನ ಮುಂದೆ ತನ್ನ ಲೋಟ ಇಟ್ಟುಕೊಂಡು ಕೂತಿದ್ದಾಗ ಡೌಗಿ ಬಂದ. ಕಂಕುಳಲ್ಲಿ ಪೇಪರು ಸುತ್ತಿದ ಬಾಟಲಿ. ಐನಾ ಅವನಿಗೆ ಕುರ್ಚಿ ತೋರಿಸಿ, ಲೋಟ ಇಟ್ಟು, ತನ್ನ ಹೆಣಿಗೆ ಹಿಡಿದುಕೊಂಡಳು. ಡೌಗಿ ಹವಾಮಾನದ ಬಗ್ಗೆ ಹೇಳಿದ, ಮೊಣಕಾಲಿನ ಬಗ್ಗೆ ಹೇಳಿದ. ಈವನ್ ಕೇಳದೆಯೇ ಅವನ ಲೋಟಕ್ಕೆ ಗ್ಲೆನ್‌ಮಾರ್ಕಿ ಸುರಿದ. ಆಚೆ ದಡದ ಮಾಲು ಎಂದು ಡೌಗಿ ನೆನಪಿಸಲಿಲ್ಲ.

ಸುಮಾರು ಹೊತ್ತಾದ ಮೇಲೆ ಅವನು ಪೇಪರು ಬಿಚ್ಚಿದ. ಯಾವುದೋ ದೂರದ ದ್ವೀಪದ ಬಾಟಲಿ, ಅದರ ಮೇಲೆ ಹಾಯಿದೋಣಿ.

“ಫೆಬ್ರವರಿಗೆ ತಂಗಿ ಮಗಳ ಮದುವೆ. ನಲ್ವತ್ತು ಬಾಟಲಿ ಹೇಳ್ಬೇಕು,” ಅಂದ. ಮೇಜಿನ ಮೇಲಿನ ಚುಕ್ಕೆಯೊಂದನ್ನು ಉಗುರಿನಿಂದ ಕೆರೆಯುತ್ತ ಮುಂದುವರಿಸಿದ. “ಅಂಗಡಿಯೋನು ಒಂದು ಹೇಳ್ತಾನೆ, ಬೀಗರು ಒಂದು ಹೇಳ್ತಾರೆ. ಇದು ಹೇಗಿದೆ, ನೀನು ಹೇಳು.”

ಐನಾಳ ಹೆಣಿಗೆಯ ಕಡ್ಡಿಗಳು ನಿಂತವು.

ಈವನ್ ಎದ್ದು ನಲ್ಲಿಯ ಕೆಳಗೆ ಬರಿಯ ನೀರಿನಲ್ಲಿ ಕೈ ತೊಳೆದು, ಒರೆಸಿಕೊಂಡು ಬಂದ. ಬೇರೆ ಲೋಟ ತೆಗೆದ. ಮೂಸಿದ, ಕುಡಿದ. ಒಂದು ಚಮಚ ನೀರು ಬಿಟ್ಟು ಇನ್ನೊಂದು ಸಲ ಕುಡಿದ. ಕಿಟಕಿಯ ಕಡೆ ನೋಡಿದ.

“ಮದುವೆಗಲ್ಲ ಇದು,” ಅಂದ.

“ಮತ್ತೆ?”

“ಸೋಮವಾರಕ್ಕೆ.”

ಡೌಗಿ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ವಾದ ಮಾಡಲು ಬಾಯಿ ತೆರೆದವನು ಮಾಡಲಿಲ್ಲ. ಬಿರಡೆ ಒತ್ತಿ, ಪೇಪರು ಮತ್ತೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ.

“ಹಾಗಾದ್ರೆ ಸೋಮವಾರ ಇದನ್ನೇ ತಗೊಂಡ್ ಬರ್ತೀನಿ,” ಅಂದು ಹೊರಟ.